ಬಾಳೆಯ ಸುಳಿ ಎಡಕ್ಕೋ ಬಲಕ್ಕೋ

ಚೀನಾದ ಚಿತ್ರಕಲಾವಿದ ಚಿ ಬೈಷಿ ಅವರಿಗೆ ಒಮ್ಮೆ ಬಾಳೆಗಿಡವನ್ನು ಬರೆಯಬೇಕಾಗಿ ಬಂತು. 1951ರ ಸುಮಾರಿಗೆ ಬೀಜಿಂಗ್‌ನಲ್ಲಿ ಸಾಹಿತಿ ಲಾವ್ ಷ ಅವರು ಕವಿತೆಯ ನಾಲ್ಕು ಸಾಲುಗಳನ್ನು ಆರಿಸಿ, ಒಂದೊಂದು ಸಾಲಿಗೂ ಒಂದೊಂದು ಚಿತ್ರ ಬರೆದುಕೊಡಬೇಕೆಂದು ಅವರನ್ನು ಕೇಳಿಕೊಂಡಿದ್ದರು. ಅವುಗಳಲ್ಲಿ ಒಂದು ಸಾಲು, ಸುರುಳಿಗೊಂಡ ಬಾಳೆಯೆಲೆ ಶರತ್ಕಾಲದ ಹೂವನ್ನು ಅಪ್ಪಿಕೊಂಡಿರುವುದನ್ನು ಹೇಳುತ್ತದೆ. ತೊಂಬತ್ತರ ಹತ್ತಿರ ಬಂದಿದ್ದ ಹಿರಿಯರು ಕುಂಚವನ್ನು ಕೈಗೆತ್ತಿಕೊಳ್ಳುವ ಮೊದಲು, ಎಳೆಯ ಎಲೆ ಸುತ್ತಿಕೊಂಡಿರುವುದು ಎಡಕ್ಕೋ ಬಲಕ್ಕೋ ಎಂದು ಕೇಳಿದರಂತೆ. ಬೀಜಿಂಗ್ ಚಳಿಯ ಊರು, ಅಲ್ಲಿ ಬಾಳೆತೋಟವಿಲ್ಲ. ಸುತ್ತಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹಾಗಿದ್ದರೆ ಸುರುಳಿಯನ್ನು ಬರೆಯಲಾಗದು ಎಂದುಬಿಟ್ಟ ಅವರು, ಬಿಚ್ಚಿಕೊಂಡ ಎಲೆಗಳನ್ನಷ್ಟೇ ಬರೆದು ಕೊಟ್ಟರು. ಕವಿತೆಯ ಸಾಲು ಕೇಳಿದ್ದು ಚಿತ್ರದಲ್ಲಿ ಬರಲೇ ಇಲ್ಲ.

ಈ ಪ್ರಸಂಗವನ್ನು ನನಗೆ ಹೇಳಿದವರು, ಸಿಂಗಪುರದಲ್ಲಿ ನಾನು ಪ್ರತಿ ಶನಿವಾರ ಮಧ್ಯಾಹ್ನ ಹೋಗುವ ಚಿತ್ರಕಲೆಯ ತರಗತಿಯ ಶಿಕ್ಷಕಿ. ಎಪ್ಪತ್ತು ದಾಟಿರುವ ಅವರನ್ನು ನಾವೆಲ್ಲ ಚೀನೀ ರೂಢಿಯಂತೆ ಲಾವ್‌ಷಿ ಎಂದು ಕರೆಯುತ್ತೇವೆ. ನಮ್ಮ ಮೇಷ್ಟ್ರು ಎಂಬ ಮಾತಿನಲ್ಲಿರುವ ಸಲಿಗೆ ಮತ್ತು ಭಯ ಎರಡೂ ಆ ಮಾತಿನಲ್ಲಿವೆ. ಕಥೆಯನ್ನು ಕೇಳಿ ನಾನು ನಕ್ಕೆ. ಅವರು ನಗದೆ, ‘ನಿಮ್ಮ ಊರಿನಲ್ಲಿ ಬಾಳೆ ಬೆಳೆಯುತ್ತದಲ್ಲ, ನೀವು ಹೇಳಿ, ಎಡಕ್ಕೋ ಬಲಕ್ಕೋ?’ ಎಂದರು. ಕರಾವಳಿಯ ಮನೆಯೊಂದರಲ್ಲಿ ಹುಟ್ಟಿ, ಬಾವಿಕಟ್ಟೆಯ ಪಕ್ಕದ ಬಾಳೆಗಳ ನಡುವೆ ಆಡಿ, ಬಾಳೆಯೆಲೆಯ ಮೇಲೆ ಸಾವಿರ ಸಲ ಉಂಡ ನನಗೆ ಉತ್ತರ ತಿಳಿದಿರಲಿಲ್ಲ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ‘ಅದೆಂತಕ್ಕೆ ಈಗ ನಿನಗೆ? ಬಡಿಸುವಾಗ ಎಲೆಯ ಕುಡಿ ಉಣ್ಣುವವರ ಎಡಕ್ಕೆ ಬರಬೇಕು ಅಂತ ಗೊತ್ತು. ಸುಳಿ ಯಾವ ಕಡೆಗೆ ಸುತ್ತಿಕೊಂಡಿದೆ ಅಂತ ಯಾರು ನೋಡ್ತಾರೆ?’ ಎಂದರು ಅಮ್ಮ.

ನಾನು ಆ ತರಗತಿಗೆ ಸೇರಿದ್ದು ಕಲಾವಿದರಾಗುವ ಆಸೆಯಿಂದಲ್ಲ. ದಿನವಿಡೀ ಪರದೆಯನ್ನು ನೋಡುವ ಕೆಲಸದಿಂದ ಕಣ್ಣಿಗೆ ಒಂದಿಷ್ಟು ಬಿಡುವು ಬೇಕಿತ್ತು, ಮನೆಯ ಹತ್ತಿರದ ಸಮುದಾಯ ಭವನದಲ್ಲಿ ಈ ತರಗತಿಯ ಪ್ರಕಟಣೆ ಕಂಡಿತು, ಅಷ್ಟೆ. ಬಿಡುವು ಸಿಗಲಿಲ್ಲ. ಕಣ್ಣಿಗೆ ಇಷ್ಟು ಕೆಲಸ ಕೊಡುವ ಇನ್ನೊಂದು ವಿದ್ಯೆಯನ್ನು ನಾನು ಕಂಡಿಲ್ಲ.

ಈ ಕಲೆಯನ್ನು ಕನ್ನಡದಲ್ಲಿ ಜಲವರ್ಣ ಎಂದು ಕರೆದರೆ ತಪ್ಪೇನಿಲ್ಲ, ಆದರೆ ಅದು ಪೂರ್ತಿ ಸರಿಯೂ ಅಲ್ಲ. ನಾವು ಶಾಲೆಯಲ್ಲಿ ಕಲಿತ ಜಲವರ್ಣದಲ್ಲಿ ಕಾಗದ ದಪ್ಪಗಿರುತ್ತದೆ, ಅದಕ್ಕೆ ಅಂಟು ಹಾಕಿರುತ್ತಾರೆ, ಬಣ್ಣ ಅದರ ಮೇಲೆ ಕೊಂಚ ಹೊತ್ತು ನಿಂತು ಒಣಗುತ್ತದೆ. ತಪ್ಪಿದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವಷ್ಟು ಕಾಲಾವಕಾಶ ಇರುತ್ತದೆ. ಚೀನಾದ ಷ್ವಾನ್ ಕಾಗದ ಹಾಗಲ್ಲ. ಆನ್‌ಹುಯಿ ಪ್ರಾಂತ್ಯದ ಜಿಂಗ್ ಎಂಬ ಕಡೆ ಅದನ್ನು ಒಂದು ಬಗೆಯ ಮರದ ತೊಗಟೆಯ ನಾರು ಮತ್ತು ಭತ್ತದ ಹುಲ್ಲಿನಿಂದ ತಯಾರಿಸುತ್ತಾರೆ. ಆ ಕೈಕೆಲಸವನ್ನು 2009ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟಿಕ ಬೆರೆಸಿದ ಅಂಟನ್ನು ಸವರಿ ಹದಮಾಡಿದ ಕಾಗದವೂ ಉಂಟು, ಸೂಕ್ಷ್ಮವಾದ ಗೆರೆಕೆಲಸಕ್ಕೆ ಅದು ಬೇಕು. ಆದರೆ ಸಿಗಡಿ, ಬಿದಿರು, ಬಾಳೆಗಳನ್ನು ಬರೆಯುವುದು ಏನನ್ನೂ ಸವರದ ಕಾಗದದ ಮೇಲೆ. ಹೀರುಕಾಗದದಂತೆ ಅದು ಮುಟ್ಟಿದ ಕ್ಷಣವೇ ನೀರನ್ನು ಕುಡಿದುಬಿಡುತ್ತದೆ. ಕುಂಚ ಅರೆಗಳಿಗೆ ಅನುಮಾನಿಸಿ ನಿಂತರೆ ಆ ಅನುಮಾನವೇ ಒಂದು ಮಚ್ಚೆಯಾಗಿ ಹರಡಿಕೊಳ್ಳುತ್ತದೆ. ಅಳಿಸುವುದಿಲ್ಲ, ತಿದ್ದುವುದಿಲ್ಲ, ಹಾಳೆಯನ್ನು ಮಡಚಿಟ್ಟು ಇನ್ನೊಂದನ್ನು ತೆಗೆಯುವುದು. ನನ್ನ ಮನೆಯ ಮಂಚದ ಕೆಳಗೆ ಹೀಗೆ ಮಡಚಿಟ್ಟ ಹಾಳೆಗಳ ದೊಡ್ಡ ಕಟ್ಟೊಂದಿದೆ.

ಮಸಿಯ ಸಂಗತಿ ಮಾತ್ರ ನನಗೆ ಮೊದಲ ದಿನದಿಂದಲೇ ಮನೆಯದೆನ್ನಿಸಿತು. ಪೈನ್ ಮರವನ್ನೋ ಎಣ್ಣೆಯನ್ನೋ ಉರಿಸಿ ಹಿಡಿದ ಕರಿಯನ್ನು, ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದ ತುಂಡು ಅದು. ದೀಪದ ಕರಿಯನ್ನು ಹಿಡಿದು ಕಾಡಿಗೆ ಮಾಡುತ್ತಿದ್ದ ಅಜ್ಜಿಗೆ ಇದರ ಅರ್ಧ ವಿದ್ಯೆ ಗೊತ್ತಿತ್ತು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಆ ತುಂಡನ್ನು ದುಂಡಗೆ ತೇಯುವಾಗ, ಸಾಣೆಕಲ್ಲಿನ ಮೇಲೆ ಗಂಧ ತೇಯುವ ಕೈಚಲನೆಯೇ ತಾನಾಗಿ ಬಂತು. ಲಾವ್‌ಷಿ ಅದನ್ನು ಗಮನಿಸಿ, ಮೊದಲೆಲ್ಲೋ ಕಲಿತಿದ್ದೀರಾ ಎಂದು ಕೇಳಿದರು. ದೇವರಿಗೆ ಗಂಧ ತೇದು ಕಲಿತದ್ದೆಂದು ಹೇಳಿದೆ. ಕಪ್ಪೊಂದರಲ್ಲೇ ಐದು ಬಣ್ಣಗಳಿವೆ ಎಂದು ಅವರ ಕಡೆ ಹೇಳುವ ಮಾತಿದೆ. ನೀರಿನ ಪ್ರಮಾಣ ಬದಲಾದಂತೆ ಸುಟ್ಟ ಕಪ್ಪಿನಿಂದ ಹಿಡಿದು, ಅಕ್ಕಿ ತೊಳೆದ ನೀರಿನಷ್ಟು ತಿಳಿಯಾದ ಬೂದಿಯವರೆಗೆ ಕಪ್ಪು ಇಳಿಯುತ್ತ ಹೋಗುತ್ತದೆ. ಉಳಿದ ಬಣ್ಣಗಳು ಬರುವುದು ಅದರ ಆಮೇಲೆ, ಅದೂ ಸ್ವಲ್ಪವೇ. ಎಲೆಯ ಹಸಿರಿಗೆಂದು ನೀಲಿಯ ಜೊತೆಗೆ ಬೆರೆಸುವ ಹಳದಿ ಒಂದು ಮರದ ಗೋಂದು. ಕಾಂಬೋಡಿಯಾ, ಥಾಯ್ಲೆಂಡ್‌ಗಳ ಆ ಮರ ನಮ್ಮ ಮುರುಗಲು ಮತ್ತು ಉಪ್ಪಾಗೆಗಳ ಕುಲಕ್ಕೇ ಸೇರಿದ್ದು. ಮುರುಗಲಿನ ಸಾರು ಕುಡಿದ ಧೈರ್ಯದಲ್ಲಿ ಯಾರೂ ಆ ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಬಾರದು, ಅದು ಹೊಟ್ಟೆ ಕೆಡಿಸುವ ವಿಷ.

ಇನ್ನೂ ಒಂದು ಸಂಗತಿ ನನ್ನನ್ನು ಈ ಕಲೆಯ ಹತ್ತಿರಕ್ಕೆ ತಂದಿತು. ಕನ್ನಡದಲ್ಲಿ ನಾವು ಚಿತ್ರವನ್ನು ಬರೆಯುತ್ತೇವೆ. ಪತ್ರ ಬರೆಯುವುದಕ್ಕೂ ಚಿತ್ರ ಬರೆಯುವುದಕ್ಕೂ ನಮ್ಮಲ್ಲಿ ಕ್ರಿಯಾಪದ ಒಂದೇ, ಅದರಲ್ಲಿ ವಿಶೇಷವೇನಾದರೂ ಇದೆಯೆಂದು ನಾನು ಯೋಚಿಸಿಯೇ ಇರಲಿಲ್ಲ. ಚಿ ಬೈಷಿ ಅವರ ಬಗೆಯ ಚಿತ್ರಗಳಿಗೆ ಚೀನಾದಲ್ಲಿ ಷಿಯೆಯಿ ಎನ್ನುತ್ತಾರೆ. ಅದರ ಅರ್ಥ ಭಾವವನ್ನು ಬರೆಯುವುದು. ಅಕ್ಷರ ಬರೆಯುವುದಕ್ಕೆ ಬಳಸುವ ಕ್ರಿಯಾಪದವೇ ಅಲ್ಲಿ ಚಿತ್ರಕ್ಕೂ ಬಂದಿದೆ. ಬಳಸುವ ಕುಂಚ, ಮಸಿ, ಕಾಗದ ಮೂರೂ ಅಕ್ಷರಕ್ಕೆ ಬಳಸುವವೇ. ಅಕ್ಷರವನ್ನು ಬರೆಯುವಾಗ ಹೇಗೆ ಗೆರೆಗಳಿಗೊಂದು ಕ್ರಮವಿದೆಯೋ, ಹಿಂದಿರುಗಿ ತೀಡುವುದು ಹೇಗೆ ಅಸಹ್ಯವೋ, ಚಿತ್ರದಲ್ಲಿಯೂ ಹಾಗೆಯೇ. ಇದನ್ನು ಲಾವ್‌ಷಿಗೆ ಹೇಳಿದಾಗ, ನಿಮ್ಮ ಭಾಷೆಯಲ್ಲಿಯೂ ಹಾಗಿದೆಯೇ ಎಂದು ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಚಿ ಬೈಷಿ ಹುಟ್ಟಿದ್ದು 1864ರಲ್ಲಿ, ಹುನಾನ್ ಪ್ರಾಂತ್ಯದ ಷಿಯಾಂಗ್‌ಟಾನ್ ಕಡೆಯ ಒಂದು ಬಡ ರೈತ ಕುಟುಂಬದಲ್ಲಿ. ಅಜ್ಜ ಒಲೆಯ ಮುಂದೆ ಕೂತು, ಕಬ್ಬಿಣದ ಚಿಮಟದಿಂದ ಬೂದಿಯ ಮೇಲೆ ಗೀರಿ ಅಕ್ಷರ ಕಲಿಸಿದರು. ಶಾಲೆಗೆ ಹೋದದ್ದು ಒಂದು ವರ್ಷಕ್ಕಿಂತ ಕಡಿಮೆ. ಆಮೇಲೆ ದನ ಮೇಯಿಸುವ, ಸೌದೆ ಆರಿಸುವ ಕೆಲಸ. ಓದಿನ ಹುಚ್ಚಿನಲ್ಲಿ ಆ ಕೆಲಸ ಮರೆತರೆ ಅಜ್ಜಿಯ ಬೈಗುಳ. ಗಾಳಿ ಮಳೆಯ ದಿನ ನಿನ್ನ ಬರಹವನ್ನು ಮಡಕೆಯಲ್ಲಿ ಹಾಕಿ ಬೇಯಿಸಲಾಗುತ್ತದೆಯೇ ಎಂದು ಆ ಅಜ್ಜಿ ಕೇಳಿದ್ದನ್ನು ಅವರು ಮುಪ್ಪಿನಲ್ಲಿಯೂ ನೆನೆದಿದ್ದಾರೆ. ಅದೇ ಅಜ್ಜಿ ಮೊಮ್ಮಗನ ಕೊರಳಿಗೆ ಗಂಟೆಯೊಂದನ್ನು ಕಟ್ಟಿದ್ದರು. ಸಂಜೆ ಗಂಟೆಯ ಸದ್ದು ಕೇಳಿದರೆ ಹುಡುಗ ಮನೆಗೆ ಬರುತ್ತಿದ್ದಾನೆಂದು ತಿಳಿದು ಅಡುಗೆಗೆ ಏಳುತ್ತಿದ್ದರು.

ಹದಿಹರೆಯದಲ್ಲಿ ಅವರನ್ನು ಬಡಗಿಯ ಕೆಲಸಕ್ಕೆ ಸೇರಿಸಿದರು. ತೊಲೆ ಎತ್ತುವಷ್ಟು ಮೈಬಲವಿರಲಿಲ್ಲವಾದ್ದರಿಂದ ಮುಂದೆ ಮರದ ಕೆತ್ತನೆಗೆ ತಿರುಗಿದರು. ಮಂಚ, ಪೆಟ್ಟಿಗೆಗಳ ಮೇಲೆ ಹೂವು, ಹಕ್ಕಿ, ಕಥೆಯ ಪಾತ್ರಗಳನ್ನು ಕೆತ್ತುವ ಕಸುಬು ಅದು. ಇಪ್ಪತ್ತರ ಆಸುಪಾಸಿನಲ್ಲಿ, ಕೆಲಸಕ್ಕೆ ಹೋದ ಮನೆಯೊಂದರಲ್ಲಿ, ‘ಸಾಸಿವೆಕಾಳಿನ ತೋಟ’ ಎಂಬ ಹೆಸರಿನ ಹಳೆಯ ಚಿತ್ರಪಾಠದ ಪುಸ್ತಕದ ಹರುಕು ಪ್ರತಿ ಕಣ್ಣಿಗೆ ಬಿತ್ತು. 1679ರಲ್ಲಿ ಮೊದಲ ಭಾಗ ಅಚ್ಚಾಗಿದ್ದ ಆ ಪುಸ್ತಕದಲ್ಲಿ ಬಂಡೆ, ಮರ, ಬಿದಿರು, ಹೂವುಗಳನ್ನು ಗೆರೆ ಗೆರೆಯಾಗಿ ಬಿಡಿಸಿ ತೋರಿಸಲಾಗಿದೆ. ಎರವಲು ತಂದು, ಹಗಲಿನ ದುಡಿಮೆ ಮುಗಿದ ಮೇಲೆ ರಾತ್ರಿ ದೀಪದ ಬೆಳಕಿನಲ್ಲಿ ಒಂದೊಂದೇ ಪುಟವನ್ನು ನಕಲು ಮಾಡುತ್ತ ಅರ್ಧ ವರ್ಷ ಕಳೆದು, ಹದಿನಾರು ಪುಸ್ತಕಗಳಾಗಿ ಹೊಲಿದಿಟ್ಟುಕೊಂಡರು. ತಾನು ಅದುವರೆಗೆ ಬರೆದ ಮನುಷ್ಯರಿಗೆ ತಲೆ ಅತಿಯಾಗಿ ದೊಡ್ಡದಾಗಿತ್ತು ಅಥವಾ ಕಾಲು ಅತಿಯಾಗಿ ಉದ್ದವಾಗಿತ್ತು ಎಂಬುದು ಆಗ ತಿಳಿಯಿತಂತೆ. ಕ್ರಮವಾಗಿ ಗುರುಮುಖೇನ ಕಲಿಯಲು ಆರಂಭಿಸಿದ್ದು 1889ರಲ್ಲಿ, ಹು ಚಿನ್‌ಯುವಾನ್ ಎಂಬವರ ಬಳಿ. ಆಗ ಅವರಿಗೆ ಮದುವೆಯಾಗಿ ಸಂಸಾರದ ಹೊಣೆ ಬಿದ್ದಿತ್ತು. ಬೈಷಿ ಎಂಬ ಹೆಸರು ಬಂದದ್ದೂ ಆಗಲೇ, ಮನೆಯ ಹತ್ತಿರದ ಸ್ಥಳವೊಂದರ ಹೆಸರಿನಿಂದ. ಅದರ ಅರ್ಥ ಬಿಳಿಗಲ್ಲು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಚೀನಾದ ಚಿತ್ರಕಲೆಯೆಂದರೆ ಮಂಜು ಮುಸುಕಿದ ಬೆಟ್ಟ, ಜಲಪಾತದ ಕೆಳಗೆ ಧ್ಯಾನಸ್ಥನಾದ ವಿದ್ವಾಂಸ, ಒಟ್ಟಿನಲ್ಲಿ ಲೋಕದ ಗೊಡವೆ ಬಿಟ್ಟವರ ವಿರಾಮದ ಕಲೆ ಎಂಬ ಭಾವನೆ ನನ್ನಲ್ಲೂ ಇತ್ತು, ಈಗಲೂ ಹಾಗೆಯೇ ಬರೆಯುವವರಿದ್ದಾರೆ. ಚಿ ಬೈಷಿ ಅವರ ಪ್ರಕೃತಿ ಅದಲ್ಲ. ಅದು ದನ ಮೇಯಿಸಿದ ಹುಡುಗನ ಪ್ರಕೃತಿ: ಕೆರೆಯ ಸಿಗಡಿ, ಏಡಿ, ಕಪ್ಪೆಮರಿ, ಮಿಡತೆ, ಸೋರೆಬಳ್ಳಿ, ಕೋಳಿಮರಿ, ಎಲೆಕೋಸು. ಐವತ್ತು ದಾಟಿದ ಮೇಲೆ ಊರಿನ ಕಡೆಯ ದರೋಡೆ, ಅಶಾಂತಿಗಳಿಗೆ ಹೆದರಿ ಬೀಜಿಂಗ್‌ಗೆ ಬಂದು ನೆಲೆಸಿದ ಮೇಲಂತೂ ಅವರು ಬರೆದದ್ದು ಬಹುಮಟ್ಟಿಗೆ ಬಿಟ್ಟುಬಂದ ಊರನ್ನೇ. ಹೂಗಳಿಗೆ ಪಿಯೊನಿ ರಾಜನೆನ್ನುತ್ತಾರೆ, ಹಣ್ಣುಗಳಲ್ಲಿ ಲಿಚ್ಚಿ ಮೊದಲೆನ್ನುತ್ತಾರೆ, ಎಲೆಕೋಸನ್ನು ಮಾತ್ರ ತರಕಾರಿಗಳ ರಾಜನೆಂದು ಯಾರೂ ಕರೆಯುವುದಿಲ್ಲ, ಏಕೆ ಎಂದು ಒಂದು ಚಿತ್ರದ ಮೇಲೆ ಅವರು ಬರೆದಿದ್ದಾರೆ. ಇದರಲ್ಲಿ ತಮಾಷೆಯೂ ಇದೆ, ಹಟವೂ ಇದೆ. ರಾಜಧಾನಿಯ ಕೆಲವು ಪಂಡಿತರು ಅವರನ್ನು ಬಡಗಿಯೆಂದು ಹೀಗಳೆಯುತ್ತಿದ್ದ ಕಾಲವದು. ಶೈಲಿಯನ್ನು ಬದಲಿಸಿಕೊಳ್ಳಿ ಎಂದು ಸಲಹೆ ಕೊಟ್ಟ ಗೆಳೆಯ ಚೆನ್ ಷಿಝೆಂಗ್ 1922ರಲ್ಲಿ ಅವರ ಚಿತ್ರಗಳನ್ನು ಜಪಾನಿಗೆ ಒಯ್ದು ಪ್ರದರ್ಶಿಸಿ, ಅವು ಒಳ್ಳೆಯ ಬೆಲೆಗೆ ಮಾರಾಟವಾದ ಮೇಲೆಯೇ ಬೀಜಿಂಗ್‌ನವರ ಕಣ್ಣು ತೆರೆಯಿತು. ಅದೇ ಬಡಗಿ 1925ರಲ್ಲಿ ಬರೆದ ಹನ್ನೆರಡು ಭೂದೃಶ್ಯಗಳ ಸರಣಿ 2017ರ ಹರಾಜಿನಲ್ಲಿ 93 ಕೋಟಿ ಯುವಾನ್‌ಗೂ ಹೆಚ್ಚು ಬೆಲೆಗೆ ಹೋಯಿತು. ಮಡಕೆಯ ಪ್ರಶ್ನೆ ಕೇಳಿದ ಅಜ್ಜಿ ಇದಕ್ಕೆ ಏನೆನ್ನುತ್ತಿದ್ದರೋ.

ಅವರ ಸಿಗಡಿಗಳ ಬಗ್ಗೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ನಮ್ಮ ಕಡೆ ಚಟ್ಲಿ ಎಂದು ಕರೆಯುವ ಈ ಜೀವಿಯನ್ನು ನಾನು ನೋಡಿದ್ದು ಬಹುಪಾಲು ಮೀನುಮಾರುಕಟ್ಟೆಯ ಬುಟ್ಟಿಯಲ್ಲಿ ಮತ್ತು ಗಸಿಯ ಬಟ್ಟಲಿನಲ್ಲಿ. ಚಿ ಬೈಷಿ ಬಾಲ್ಯದಲ್ಲಿ ಮನೆಯ ಮುಂದಿನ ಕೆರೆಯಲ್ಲಿ ಅವುಗಳೊಂದಿಗೆ ಆಡಿದವರು. ಆದರೂ ಅರವತ್ತರ ಸುಮಾರಿನಲ್ಲಿ, ತಾನು ಬರೆಯುತ್ತಿರುವ ಸಿಗಡಿ ಹಳೆಯ ಕಲಾವಿದರ ಸಿಗಡಿಯೇ ಹೊರತು ಕೆರೆಯದಲ್ಲ ಎನ್ನಿಸಿ, ಜೀವಂತ ಸಿಗಡಿಗಳನ್ನು ತಂದು ಬಟ್ಟಲಿನ ನೀರಿನಲ್ಲಿ ಬಿಟ್ಟು ಮೇಜಿನ ಮೇಲೆ ಇಟ್ಟುಕೊಂಡರು. ದಿನವೂ ನೋಡುವುದು, ಕಡ್ಡಿಯಿಂದ ಕೆಣಕಿ ಅವು ಹಾರುವುದನ್ನು ನೋಡುವುದು, ಮತ್ತೆ ಬರೆಯುವುದು. ಮೊದಲು ಅವರ ಸಿಗಡಿ ನಿಜವಾದ ಸಿಗಡಿಯನ್ನು ಹೆಚ್ಚು ಹೋಲತೊಡಗಿತು. ಆಮೇಲೆ, ವರ್ಷಗಳು ಕಳೆದಂತೆ, ಕಾಲುಗಳು ಕಡಿಮೆಯಾಗುತ್ತ ಬಂದವು. ಹತ್ತಿದ್ದದ್ದು ಎಂಟಾಯಿತು, ಆರಾಯಿತು, ಕೊನೆಗೆ ಐದಕ್ಕೆ ನಿಂತಿತು. ಜೀವಶಾಸ್ತ್ರದ ಪ್ರಕಾರ ಅದು ತಪ್ಪು ಸಿಗಡಿ. ಆದರೆ ಹಾಳೆಯ ಮೇಲೆ ಈಜುವುದು ಅದೇ. ಹೋಲುವುದಕ್ಕೂ ಹೋಲದಿರುವುದಕ್ಕೂ ನಡುವೆ ಸೊಗಸಿದೆ, ಅತಿಯಾಗಿ ಹೋಲಿದರೆ ಜನರನ್ನು ಮೆಚ್ಚಿಸುವ ಅಗ್ಗದ ಕೆಲಸ, ಹೋಲದೇ ಹೋದರೆ ಲೋಕಕ್ಕೆ ಮಾಡುವ ಮೋಸ ಎಂಬುದು ಅವರ ಪ್ರಸಿದ್ಧ ಮಾತು. ಬಹಳ ಕಡೆ ಈ ಮಾತಿನ ಮೊದಲರ್ಧವನ್ನಷ್ಟೇ ಉದ್ಧರಿಸುತ್ತಾರೆ, ಅದು ಅನುಕೂಲ ಕೂಡ. ನಾಲ್ಕು ಗೆರೆ ಎಳೆದು ಭಾವ ಎಂದು ಹೇಳಿಕೊಳ್ಳಬಹುದು. ಐದು ಕಾಲುಗಳನ್ನು ಬಿಡುವ ಹಕ್ಕು ಅವರಿಗೆ ಬಂದದ್ದು ಹತ್ತನ್ನೂ ಎಣಿಸಿ ಬರೆದ ಮೇಲೆ ಎಂಬುದೇ ಇಡೀ ವಿಷಯದ ಗಂಟು ಎಂದು ನನಗೆ ತೋರುತ್ತದೆ.

ತರಗತಿಯಲ್ಲಿ ನಾವು ಮೂರು ತಿಂಗಳು ಸಿಗಡಿಯ ಮೈಯನ್ನು ಮಾತ್ರ ಬರೆದೆವು. ಮೇಕೆಕೂದಲಿನ ಮೆತ್ತನೆಯ ಕುಂಚವನ್ನು ನೀರಿನಲ್ಲಿ ಅದ್ದಿ, ತಿಳಿಮಸಿಯನ್ನು ಹಿಡಿದು, ಪಕ್ಕಕ್ಕೆ ಮಲಗಿಸಿ ತಲೆಯ ಭಾಗಕ್ಕೊಂದು ಒತ್ತು ಕೊಡಬೇಕು. ಅದು ಒಣಗುವ ಮೊದಲು ಗಟ್ಟಿಮಸಿಯ ಒಂದು ಚುಕ್ಕೆಯನ್ನು ಒಳಗೆ ಬಿಟ್ಟರೆ ಅದು ತಾನಾಗಿ ಹಬ್ಬಿ, ಗಾಜಿನಂತಹ ಚಿಪ್ಪಿನೊಳಗಿನ ಕರುಳಾಗುತ್ತದೆ. ಆಮೇಲೆ ಮೈಯ ಮಡಿಕೆಗಳನ್ನು ಒಂದರ ಪಕ್ಕ ಒಂದು ಒತ್ತುತ್ತ ಬರಬೇಕು; ನಡುವಿನದೊಂದು ಕೊಂಚ ಮೇಲೆದ್ದರೆ ಸಿಗಡಿ ಹಾರಲು ಸಿದ್ಧ, ಎಲ್ಲವೂ ಸಮವಾದರೆ ಅದು ಬುಟ್ಟಿಯಲ್ಲಿರುವ ಸತ್ತ ಸಿಗಡಿ. ನಾನು ಬರೆದವೆಲ್ಲ ಬಹುಕಾಲ ಬುಟ್ಟಿಯವೇ ಆಗಿದ್ದವು. ನನಗೆ ಗೊತ್ತಿದ್ದದ್ದು ಅದೇ ಆದ್ದರಿಂದ ಅದರಲ್ಲಿ ಅಪ್ರಾಮಾಣಿಕತೆಯೇನೂ ಇರಲಿಲ್ಲ ಎಂದು ನಾನು ವಾದಿಸಿದಾಗ ಲಾವ್‌ಷಿ ಒಪ್ಪಿಕೊಂಡರು. ಒಪ್ಪಿಕೊಂಡು, ಮುಂದಿನ ವಾರ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಎರಡು ಜೀವಂತ ಸಿಗಡಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನೀರನ್ನು ಮಾತ್ರ ಈ ಚಿತ್ರಗಳಲ್ಲಿ ಬರೆಯುವುದಿಲ್ಲ. ಒಂದು ಅಲೆಯ ಗೆರೆಯೂ ಇಲ್ಲ. ಸಿಗಡಿಯ ಮೀಸೆ ಬಾಗಿರುವ ರೀತಿಯಿಂದ ಬಿಳಿ ಹಾಳೆಯೇ ನೀರಾಗಿಬಿಡುತ್ತದೆ.

ಬಿಡಿಸದೆ ಬಿಟ್ಟಿದ್ದನ್ನು ನೋಡುಗರಿಗೆ ಕಾಣಿಸುವ ಈ ಬುದ್ಧಿಗೆ ಇನ್ನೊಂದು ಉದಾಹರಣೆ ಇದೆ, ಅದೂ ಲಾವ್ ಷ ಕೇಳಿ ಬರೆಸಿದ್ದೇ. ಕಪ್ಪೆಗಳ ಕೂಗು ಹತ್ತು ಲೀ, ಎಂದರೆ ಸುಮಾರು ಐದು ಕಿಲೋಮೀಟರ್, ದೂರದವರೆಗೆ ಬೆಟ್ಟದ ಒರತೆಯಿಂದ ಹರಿದು ಬರುತ್ತದೆ ಎಂಬ ಅರ್ಥದ ಹಳೆಯ ಸಾಲೊಂದನ್ನು ಅವರು 1951ರಲ್ಲಿ ಕೊಟ್ಟರು. ಕೂಗನ್ನು ಬರೆಯುವುದು ಹೇಗೆ? ಚಿ ಬೈಷಿ ಕಪ್ಪೆಯನ್ನು ಬರೆಯಲೇ ಇಲ್ಲ. ಕಡಿದಾದ ಬಂಡೆಗಳ ನಡುವೆ ರಭಸದಿಂದ ಇಳಿದು ಬರುವ ನೀರು, ಅದರಲ್ಲಿ ಬಾಲ ಅಲ್ಲಾಡಿಸುತ್ತ ತೇಲಿ ಬರುತ್ತಿರುವ ಕೆಲವೇ ಕಪ್ಪೆಮರಿಗಳು. ತಾಯಿ ಮೇಲೆಲ್ಲೋ ಇದ್ದಾಳೆ, ಕೂಗು ಅಲ್ಲಿಂದಲೇ ಬರುತ್ತಿದೆ. ಮಲೆನಾಡಿನಲ್ಲಿ ಮೊದಲ ಮಳೆಯ ರಾತ್ರಿ ಮಲಗಿದ ಯಾರಿಗೇ ಆದರೂ ಈ ಚಿತ್ರದ ಮುಂದೆ ಕಿವಿ ತುಂಬಿ ಬರುವುದರಲ್ಲಿ ಅನುಮಾನವಿಲ್ಲ. ಚಿತ್ರದ ಮೇಲೆ ಅವರು ತಮ್ಮ ವಯಸ್ಸನ್ನು ತೊಂಬತ್ತೊಂದು ಎಂದು ಬರೆದುಕೊಂಡಿದ್ದಾರೆ, ನಿಜಕ್ಕೂ ಆಗಿದ್ದದ್ದು ಎಂಬತ್ತೇಳೋ ಎಂಟೋ. ಹುಟ್ಟಿದಾಗಲೇ ಒಂದು ವರ್ಷವೆಂದು ಎಣಿಸುವ ಚೀನೀ ರೂಢಿಯಲ್ಲಿ ವಯಸ್ಸು ಒಂದೆರಡು ವರ್ಷ ಹೆಚ್ಚೇ ಆಗುತ್ತದೆ; ಅದರ ಮೇಲೆ 1937ರಲ್ಲಿ ಜ್ಯೋತಿಷಿಯೊಬ್ಬನ ಮಾತು ಕೇಳಿ ಗಂಡಾಂತರ ತಪ್ಪಿಸಲು ಎರಡು ವರ್ಷ ಹೆಚ್ಚಿಗೆ ಸೇರಿಸಿಕೊಂಡಿದ್ದರು. ಬಾಳೆಯ ಸುಳಿಯ ವಿಷಯದಲ್ಲಿ ಸುಳ್ಳು ಬರೆಯಲೊಪ್ಪದ ಮನುಷ್ಯ ತನ್ನ ವಯಸ್ಸಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಕೀಟಗಳ ವಿಷಯ ಬೇರೆ. ಮಿಡತೆಯ ಕಾಲಿನ ಮುಳ್ಳು, ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಬಲೆಯಂತಹ ನರಗಳು, ಎಲ್ಲವನ್ನೂ ಅವರು ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಬರೆದರು, ಅದೇ ಹಾಳೆಯ ಮೇಲೆ ಎಲೆಗಳನ್ನು ಅಂಗೈಯಗಲದ ಒರಟು ಮಸಿಮುದ್ದೆಗಳಲ್ಲಿ. ಕಣ್ಣು ಮಂದವಾಗುವ ದಿನ ಬರುತ್ತದೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ದೃಷ್ಟಿ ಚೆನ್ನಾಗಿದ್ದಾಗಲೇ ಖಾಲಿ ಹಾಳೆಗಳ ಮೇಲೆ ಕೀಟಗಳನ್ನಷ್ಟೇ ಬರೆದು ಕೂಡಿಟ್ಟುಕೊಂಡಿದ್ದರು. ಗಿಡ, ಎಲೆ, ಹೂಗಳನ್ನು ಮುಂದೆ ಯಾವಾಗಲಾದರೂ ಸೇರಿಸಬಹುದು, ಅದಕ್ಕೆ ಅಷ್ಟು ಕಣ್ಣು ಬೇಡ. ಮಳೆಗಾಲಕ್ಕೆಂದು ಬೇಸಿಗೆಯಲ್ಲಿಯೇ ಹಪ್ಪಳ, ಉಪ್ಪಿನಕಾಯಿ, ಸೌದೆಗಳನ್ನು ಸಜ್ಜು ಮಾಡುವ ರೈತಮನೆಯ ಲೆಕ್ಕಾಚಾರ ಇದು. ಅವರು 1957ರಲ್ಲಿ ತೀರಿಕೊಂಡಾಗ ಹಾಗೆ ಎಲೆ ಕಾಣದ ಕೀಟಗಳ ಹಾಳೆಗಳು ಉಳಿದಿದ್ದವು. ಒಂದು ದಿನವನ್ನೂ ಬರಿದೆ ಕಳೆಯಬಾರದು ಎಂಬ ನಿಯಮ ಅವರದು. ಕಾಯಿಲೆಯಿಂದಲೋ ದುಃಖದಿಂದಲೋ ಕುಂಚ ಹಿಡಿಯದ ದಿನದ ಬಾಕಿಯನ್ನು ಮರುದಿನ ತೀರಿಸುತ್ತಿದ್ದರು.

ಇಲ್ಲಿ ಸಿಂಗಪುರದಲ್ಲಿಯೂ ಇದೇ ಜಾತಿಯ ಕಲಾವಿದರೊಬ್ಬರಿದ್ದರು. 1906ರಲ್ಲಿ ಚೀನಾದಲ್ಲಿ ಹುಟ್ಟಿ ಇಲ್ಲಿಗೆ ಬಂದು ನೆಲೆಸಿದ ಚೆನ್ ವೆನ್ ಷಿ ಅವರು ಗಿಬ್ಬನ್ ಎಂಬ ಉದ್ದಗೈಯ ವಾನರಗಳನ್ನು ಬರೆಯಲು ಕಲಿತದ್ದು ಮೊದಲು ಹಳೆಯ ಸಾಂಗ್ ಕಾಲದ ಚಿತ್ರವೊಂದರ ಅಚ್ಚುಪ್ರತಿಯಿಂದ. ಅದು ಸಾಲದೆನ್ನಿಸಿ ಮುಂದೆ ಗಿಬ್ಬನ್‌ಗಳನ್ನೇ ಮನೆಯಲ್ಲಿ ಸಾಕಿ, ಅವು ಕೈ ಚಾಚುವುದನ್ನು, ಜೋತಾಡುವುದನ್ನು ನೋಡುತ್ತ ಕೂತರು. ಅವರ ಎರಡು ಗಿಬ್ಬನ್‌ಗಳು ಇಲ್ಲಿನ ಐವತ್ತು ಡಾಲರಿನ ನೋಟಿನ ಹಿಂಬದಿಯಲ್ಲಿವೆ. ನಾನು ವರ್ಷಗಟ್ಟಲೆ ತರಕಾರಿ ಅಂಗಡಿಯಲ್ಲಿ ಆ ನೋಟನ್ನು ಕೊಟ್ಟು ಚಿಲ್ಲರೆ ಪಡೆದಿದ್ದೇನೆ. ಗಿಬ್ಬನ್‌ಗಳನ್ನು ನೋಡಿದ್ದು ತರಗತಿಗೆ ಸೇರಿದ ಮೇಲೆ.

ಹಿಂದಿನ ಡಿಸೆಂಬರಿನಲ್ಲಿ ಎರಡು ವಾರದ ರಜೆಗೆ ಊರಿಗೆ ಹೋದಾಗ ಪೆನ್ಸಿಲ್ ಮತ್ತು ಸಣ್ಣದೊಂದು ಪುಸ್ತಕವನ್ನು ಒಯ್ದಿದ್ದೆ. ಮೊದಲ ಬೆಳಿಗ್ಗೆಯೇ ಬಾವಿಕಟ್ಟೆಯ ಬಳಿ ಹೋಗಿ ನಿಂತೆ. ಹಳೆಯ ಎಲೆಗಳ ನಡುವಿನಿಂದ ಸುಳಿ ತಿಳಿಹಸಿರು ಕೊಳವೆಯಂತೆ ನೇರವಾಗಿ ಎದ್ದಿತ್ತು. ಸುರುಳಿಯ ಹೊರಗಿನ ಅಂಚು ಒಂದು ಸಣ್ಣ ಏಣಾಗಿ ಮೇಲಿಂದ ಕೆಳಕ್ಕೆ ಓರೆಯಾಗಿ ಇಳಿದಿತ್ತು. ಅಮ್ಮ ಚಹಾದ ಲೋಟ ಹಿಡಿದು ಬಂದು, ನನ್ನ ಪಕ್ಕದಲ್ಲಿ ನಿಂತು ತಾವೂ ಮೇಲಕ್ಕೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, ‘ಎಡಕ್ಕೋ ಬಲಕ್ಕೋ ಅಂತ ಕೇಳಿದ್ದೆಯಲ್ಲ, ಮೇಲಿನಿಂದ ನೋಡಿದರೋ ಕೆಳಗಿನಿಂದ ನೋಡಿದರೋ?’ ಎಂದು ಕೇಳಿದರು. ಲಾವ್‌ಷಿಯೂ ಇದನ್ನು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಏಣಿ ತಂದು ಹತ್ತಿ ನೋಡಿದೆ, ಇಳಿದು ನೋಡಿದೆ, ಪಕ್ಕದ ಮೂರು ಗಿಡಗಳನ್ನೂ ನೋಡಿದೆ. ಆ ಸುಳಿ ದಿನಕ್ಕೆ ಎಷ್ಟು ಮೇಲೇರುತ್ತದೆ, ಬಿಚ್ಚಿಕೊಳ್ಳಲು ತೊಡಗುವುದು ಎಲ್ಲಿಂದ ಎಂದು ಪ್ರತಿ ಬೆಳಿಗ್ಗೆ ಒಂದೊಂದು ಪುಟ ಗೀಚುತ್ತ ಬಂದೆ. ಒಟ್ಟು ಒಂಬತ್ತು ಪುಟಗಳಾದವು. ಹತ್ತನೆಯ ದಿನ ಎದ್ದು ಹೋಗುವಷ್ಟರಲ್ಲಿ ಎಲೆ ಇರಲಿಲ್ಲ. ಅದು ಆಗಲೇ ಪೂರ್ತಿ ಬಿಚ್ಚಿಕೊಂಡಿತ್ತು, ಮಧ್ಯಾಹ್ನ ನೆಂಟರು ಊಟಕ್ಕೆ ಬರುವವರಿದ್ದರು, ಅಮ್ಮ ಅದನ್ನು ಕೊಯ್ದು ತೊಳೆದು ಜಗಲಿಯ ಮೇಲೆ ಒರಗಿಸಿಟ್ಟಿದ್ದರು.